ಚಕ್ರ ಹಿಡಿದ ಕಬ್ಬಿಣಕ್ಕೆ ಎಷ್ಟು ವರ್ಷದ ವಾರಂಟಿ?

ಬೆಂಗಳೂರಿನ ಗಿರಿನಗರದಲ್ಲಿ ನಮ್ಮ ಮನೆಯ ತಿರುವು. ವೇಗ 10 ಕಿಲೋಮೀಟರ್ ಕೂಡ ಇರಲಿಲ್ಲ. ಹಿಂದಿನಿಂದ ಠಣ್ ಅಂತ ಸದ್ದಾಯಿತು. ಎಡಗಡೆ ಚಕ್ರ ಒಳಕ್ಕೆ ವಾಲಿ, ಕಾರು ಒಂದು ಕಡೆ ಕುಸಿದು ನಿಂತಿತು. ಅರ್ಧ ಗಂಟೆ ಮುಂಚೆ ಇದೇ ಕಾರಿನಲ್ಲಿ ನೈಸ್ ರಸ್ತೆಯಲ್ಲಿ 80ರ ವೇಗದಲ್ಲಿ ಬಂದಿದ್ದೆವು. ಹಿಂದಿನ ಸೀಟಿನಲ್ಲಿ ಅಮ್ಮ ಮತ್ತು ಮಗಳು ಇದ್ದರು. ಅದು ಅಲ್ಲೇ ಮುರಿದಿದ್ದರೆ ಅಂತ ನೆನೆಸಿಕೊಂಡರೆ ನನಗೆ ಈಗಲೂ ಕೈ ತಣ್ಣಗಾಗುತ್ತದೆ.

ಸರ್ವಿಸ್ ಸೆಂಟರಿನಲ್ಲಿ ಕಾರನ್ನು ಲಿಫ್ಟ್‌ಗೆ ಏರಿಸಿದಾಗ ನಾನೂ ಕೆಳಗೆ ನಿಂತು ನೋಡಿದೆ. ಹಿಂದಿನ ಆಕ್ಸಲ್ ಬೀಮಿಗೆ ಚಕ್ರದ ತೋಳನ್ನು ಬೆಸೆದಿರುತ್ತಾರಲ್ಲ, ಆ ಬೆಸುಗೆಯ ಅಂಚಿನಲ್ಲೇ ಕಬ್ಬಿಣ ಸೀಳಿತ್ತು. ಹಿಂದಿನ ಎರಡೂ ಚಕ್ರಗಳನ್ನು ಕಾರಿಗೆ ಹಿಡಿದಿಡುವುದೇ ಈ ಬೀಮ್. ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ಬುಷ್ ಎಲ್ಲ ಸವೆಯುತ್ತವೆ, ಬದಲಾಯಿಸುತ್ತೇವೆ. ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಇಷ್ಟು ಕಿಲೋಮೀಟರಿಗೆ ಬೀಮ್ ಬದಲಾಯಿಸಿ ಅಂತ ನನ್ನ ಸರ್ವಿಸ್ ಪುಸ್ತಕದಲ್ಲಿ ಎಲ್ಲೂ ಬರೆದಿಲ್ಲ. ಕಾರು ಇರುವವರೆಗೂ ಇರಲಿ ಅಂತಲೇ ಮಾಡಿದ ಭಾಗ ಅದು.

ಕಾರು ಕೊಂಡಿದ್ದು 2021ರ ಆಗಸ್ಟ್‌ನಲ್ಲಿ. ಬೀಮ್ ಮುರಿದಿದ್ದು 2025ರ ಮಾರ್ಚ್‌ನಲ್ಲಿ. ಓಡಿದ್ದು 46,000 ಕಿಲೋಮೀಟರ್. ಕಂಪನಿಯಿಂದ ಬಂದ ಉತ್ತರ ಎರಡೇ ಸಾಲು. ಇದು ಹೊರಗಿನ ಪೆಟ್ಟಿನಿಂದ ಆದ ಹಾನಿ, ಮತ್ತು 3 ವರ್ಷದ ವಾರಂಟಿ ಮುಗಿದಿದೆ. 'ಗುಡ್‌ವಿಲ್' ಅಂತ ಬಿಡಿಭಾಗದ ಬೆಲೆಯಲ್ಲಿ ಶೇ. 15 ಕಡಿಮೆ ಮಾಡುತ್ತೇವೆ ಅಂದರು. ನಾನು ಬೇಡ ಅಂದೆ. ತಪ್ಪು ಯಾರದು ಅಂತ ತೀರ್ಮಾನ ಆಗುವ ಮೊದಲೇ ಗುಡ್‌ವಿಲ್ ಯಾಕೆ?

ಮೊದಲು ಆ 'ಹೊರಗಿನ ಪೆಟ್ಟಿನ' ಮಾತು. ಬೀಮ್ ಮುರಿಯುವಂಥ ಪೆಟ್ಟು ಬಿದ್ದರೆ ಅದು ಸುಮ್ನೆ ಬೀಮಿಗೆ ಮಾತ್ರ ಬೀಳುತ್ತದಾ? ದಾರಿಯಲ್ಲಿ ಟೈರು, ರಿಮ್ಮು ಇಲ್ವಾ? ರಿಮ್ ಸೊಟ್ಟಗಾಗಬೇಕು, ಟೈರಿನ ಪಕ್ಕ ಉಬ್ಬಬೇಕು, ಬೀಮಿನಲ್ಲೇ ಎಲ್ಲಾದರೂ ತಗ್ಗು ಕಾಣಬೇಕು. ನನ್ನ ಕಾರಿನಲ್ಲಿ ಇದು ಯಾವುದೂ ಇಲ್ಲ. ಪೆಟ್ಟು ಬಿದ್ದ ಗುರುತು ತೋರಿಸಿ ಅಂತ ಮೂರು ಸಲ ಬರೆದು ಕೇಳಿದೆ. ಯಾರೂ ತೋರಿಸಲಿಲ್ಲ.

ಆಮೇಲೆ ಮುರಿದ ಬೀಮನ್ನು ಜೆ.ಸಿ. ರಸ್ತೆಗೆ ತೆಗೆದುಕೊಂಡು ಹೋದೆ. ಅಲ್ಲಿ 40 ವರ್ಷದಿಂದ ಸಸ್ಪೆನ್ಷನ್ ಕೆಲಸ ಮಾಡುವ ಹಿರಿಯರೊಬ್ಬರಿದ್ದಾರೆ. ಅವರು ಮುರಿದ ಬಾಯಿಯನ್ನು ಬಿಸಿಲಿಗೆ ಹಿಡಿದು ನನಗೂ ತೋರಿಸಿದರು. ಮುಕ್ಕಾಲು ಭಾಗ ಕಪ್ಪಗೆ, ತುಕ್ಕು ಹಿಡಿದಿತ್ತು. ಉಳಿದ ಕಾಲು ಭಾಗ ಮಾತ್ರ ಬೂದು ಬಣ್ಣಕ್ಕೆ ಹೊಳೆಯುತ್ತಿತ್ತು. ಕಪ್ಪು ಭಾಗದಲ್ಲಿ ಒಂದರ ಪಕ್ಕ ಒಂದು ಸಣ್ಣ ಬಾಗಿದ ಗೆರೆಗಳು. ಬೇಸಿಗೆಯಲ್ಲಿ ಕೆರೆಯ ನೀರು ಇಳಿಯುತ್ತಾ ದಡದಲ್ಲಿ ಗೆರೆ ಬಿಡುತ್ತದಲ್ಲ, ಹಾಗೆ. "ಇದು ಒಂದು ದಿನದ್ದಲ್ಲ ಸಾರ್. ಬೆಸುಗೆ ಹತ್ತಿರ ಶುರುವಾಗಿ ತಿಂಗಳುಗಟ್ಟಲೆ ಬೆಳೆದಿದೆ. ಆವತ್ತು ಹೋಗಿದ್ದು ಈ ಹೊಳೆಯೋ ತುಂಡು ಮಾತ್ರ" ಅಂದರು. ಲೋಹದ ಎಂಜಿನಿಯರುಗಳು ಇದನ್ನು ಫಟೀಗ್ ಅನ್ನುತ್ತಾರೆ, ಅಂದರೆ ಮತ್ತೆ ಮತ್ತೆ ಬೀಳುವ ಹೊರೆಗೆ ಲೋಹ ದಣಿದು ನಿಧಾನವಾಗಿ ಬಿರುಕು ಬಿಡುವುದು. ಒಂದೇ ಪೆಟ್ಟಿಗೆ ಮುರಿದ ಕಬ್ಬಿಣದಲ್ಲಿ ಈ ಗೆರೆಗಳು ಇರುವುದಿಲ್ಲ, ಮುರಿದ ಮುಖ ಪೂರ್ತಿ ಹೊಸದಾಗಿರುತ್ತದೆ.

ಗುಂಡಿ, ಹಂಪ್ ಅಂತ ಕಂಪನಿಯವರು ಫೋನಿನಲ್ಲಿ ಹೇಳಿದ ಮಾತಿಗೂ ಉತ್ತರ ಹೇಳಬೇಕು. ಹೌದು, ನಮ್ಮ ರಸ್ತೆ ಕೆಟ್ಟದಾಗಿದೆ. ಮಳೆಗಾಲದಲ್ಲಿ ಮೈಸೂರು ರಸ್ತೆಯಲ್ಲಿ ಒಂದು ಸಲ ಹೋಗಿ ಬಂದವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ಆದರೆ ಕಾರು ಮಾರಿದ್ದು ಇದೇ ಊರಿನಲ್ಲಿ ಅಲ್ವಾ? ಷೋರೂಮಿನ ಹುಡುಗ ಟೆಸ್ಟ್ ಡ್ರೈವ್‌ಗೆ ಕರೆದುಕೊಂಡು ಹೋಗಿದ್ದೂ ಇದೇ ಹಂಪುಗಳ ಮೇಲೆ. ಬೆಂಗಳೂರಿನ ರಸ್ತೆಯಲ್ಲಿ ಓಡಿಸುವುದನ್ನು ಅಪಘಾತ ಅಂತ ಲೆಕ್ಕ ಹಾಕಿದರೆ ನಮ್ಮ ಊರಿಗೆ ವಾರಂಟಿಯೇ ಇಲ್ಲ ಅಂತಾಯಿತು. ತುಕ್ಕು ಹವಾಮಾನದಿಂದ ಬಂದಿರಬಹುದು ಅಂತಲೂ ಒಬ್ಬರು ಅಂದರು. ಸಮುದ್ರ ಇಲ್ಲಿಂದ 250 ಕಿಲೋಮೀಟರಿಗಿಂತ ದೂರ ಇದೆ. ಬಿರುಕು ಬಿಟ್ಟ ಮೇಲೆ ಒಳಗೆ ನೀರು ಹೋಗಿ ತುಕ್ಕು ಹಿಡಿದಿದೆ, ಅಷ್ಟೇ.

ಇನ್ನು ವಾರಂಟಿ ಮುಗಿದ ವಿಷಯ. ನನಗೆ ಜಾಸ್ತಿ ಸಿಟ್ಟು ಬಂದಿದ್ದು ಇಲ್ಲೇ. 2024ರ ಮೇನಲ್ಲಿ, ವಾರಂಟಿ ಇನ್ನೂ ಮೂರು ತಿಂಗಳು ಇರುವಾಗಲೇ, 'ಹಿಂದಿನಿಂದ ಕಟಕಟ ಸದ್ದು' ಅಂತ ದೂರು ಕೊಟ್ಟಿದ್ದೆ. ಅದೇ ಸರ್ವಿಸ್ ಸೆಂಟರಿನ ಜಾಬ್ ಕಾರ್ಡಿನಲ್ಲಿ ಅದು ಬರೆದಿದೆ. ಅದರ ಕೆಳಗೆ 'ಪರಿಶೀಲಿಸಿದೆ, ಸರಿ ಇದೆ' ಅಂತ ಸಹಿ ಇದೆ. ಆವತ್ತು ಚಕ್ರ ಬಿಚ್ಚಿ ಟಾರ್ಚ್ ಹಿಡಿದು ನೋಡಿದ್ದರೆ ಸಾಕಿತ್ತು.

ವಾರಂಟಿ ಮುಗಿದ ಭಾಗವನ್ನು ಯಾವ ಕಂಪನಿಯೂ ನೋಡುವುದಿಲ್ಲ ಅಂತ ಸುಮಾರು ಜನ ಸಮಾಧಾನ ಹೇಳಿದರು. ಅದು ನಿಜವಲ್ಲ. ಅಮೆರಿಕದಲ್ಲಿ ಟೊಯೊಟಾ ಟಕೋಮಾ ಪಿಕಪ್‌ಗಳ ಫ್ರೇಮ್ ತುಕ್ಕಿನಿಂದ ತೂತು ಬಿದ್ದಾಗ ಕಂಪನಿ ಏನು ಮಾಡಿತು? 1995ರಿಂದ 2000ದವರೆಗಿನ ಮಾದರಿಗಳಿಗೆ 2008ರಲ್ಲಿ ಫ್ರೇಮಿನ ವಾರಂಟಿಯನ್ನು 15 ವರ್ಷಕ್ಕೆ ಏರಿಸಿತು. ಎಷ್ಟು ಮೈಲಿ ಓಡಿದ್ದರೂ ಸರಿ ಅಂದಿತು. ಅಲ್ಲಿ ಆಗಿದ್ದು ಇಲ್ಲಿ ಯಾಕೆ ಆಗಬಾರದು?

ನಮ್ಮ ಕಾನೂನಿನಲ್ಲೂ ದಾರಿ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 2(10)ನೇ ಕಲಮು ದೋಷ ಅಂದರೆ ಏನು ಅಂತ ಹೇಳುತ್ತದೆ. ಒಪ್ಪಂದದಲ್ಲಿ ಬಾಯಿಬಿಟ್ಟು ಹೇಳಿದ ಗುಣಮಟ್ಟವಷ್ಟೇ ಅಲ್ಲ, ಹೇಳದೆಯೇ ಒಪ್ಪಿಕೊಂಡ ಗುಣಮಟ್ಟವೂ ಅದರಲ್ಲಿ ಸೇರುತ್ತದೆ. ಕಾರು ಕೊಳ್ಳುವಾಗ ಚಕ್ರ ಕಳಚಬಾರದು ಅಂತ ಯಾರೂ ಬರೆಸಿಕೊಳ್ಳುವುದಿಲ್ಲ, ಅಲ್ವಾ? ವಕೀಲ ಗೆಳೆಯ ಇನ್ನೊಂದು ವಿಷಯ ಬಿಡಿಸಿ ಹೇಳಿದ. ಇದೇ ಕಾಯ್ದೆಯಲ್ಲಿ ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯ ಇದೆ, ಅಂದರೆ ದೋಷದ ವಸ್ತುವಿನಿಂದ ಹಾನಿಯಾದರೆ ಅದನ್ನು ಮಾಡಿದವರು, ಮಾರಿದವರು ಪರಿಹಾರ ಕೊಡಬೇಕು ಅನ್ನುವುದು. ಆದರೆ ವಸ್ತುವಿಗೇ ಆದ ಹಾನಿ ಅದರಲ್ಲಿ ಬರುವುದಿಲ್ಲ. ಅಮ್ಮನಿಗೋ ಮಗಳಿಗೋ ಪೆಟ್ಟಾಗಿದ್ದರೆ ಬರುತ್ತಿತ್ತು. ಹಾಗಾಗಿ ನಾನು ಹೋಗುತ್ತಿರುವುದು ದೋಷದ ದೂರಿನ ದಾರಿಯಲ್ಲಿ. ದೂರು ಕೊಡಲು 2 ವರ್ಷ ಸಮಯ ಇದೆ. ಕಂಪನಿಯ ಕಚೇರಿ ಯಾವ ರಾಜ್ಯದಲ್ಲೇ ಇರಲಿ, ನಾವು ವಾಸ ಇರುವ ಜಿಲ್ಲೆಯ ಗ್ರಾಹಕ ಆಯೋಗಕ್ಕೇ ಹೋಗಬಹುದು. 10ರಿಂದ 20 ಲಕ್ಷದೊಳಗಿನ ಕಾರಿಗೆ ಶುಲ್ಕ 400 ರೂಪಾಯಿ. ದೋಷ ಕಣ್ಣಿಗೆ ತೀರ್ಮಾನ ಆಗದಿದ್ದರೆ ಆಯೋಗವೇ ಭಾಗವನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. ನನಗೆ ಬೇಕಾಗಿರುವುದೂ ಅದೇ.

ಅದಕ್ಕೇ ಹಳೆಯ ಬೀಮನ್ನು ನಾನು ಸರ್ವಿಸ್ ಸೆಂಟರಿಗೆ ಬಿಟ್ಟುಕೊಡಲಿಲ್ಲ. ಗುಜರಿಗೆ ಹಾಕುತ್ತೇವೆ, ನೀವ್ಯಾಕೆ ಹೊರುತ್ತೀರಿ ಅಂತ ಎರಡು ಸಲ ಕೇಳಿದರು. ನಿಮಗೂ ಹೀಗಾದರೆ ದಯವಿಟ್ಟು ಮುರಿದ ಭಾಗವನ್ನು ಕೊಡಬೇಡಿ. ತೊಳೆಯಬೇಡಿ, ಉಜ್ಜಬೇಡಿ. ಮುರಿದ ಮುಖವನ್ನು ಒಣ ಬಟ್ಟೆಯಲ್ಲಿ ಸುತ್ತಿಡಿ. ಆಗುವುದಿಲ್ಲ ಅನ್ನುವ ಮಾತನ್ನು ಬರಹದಲ್ಲೇ ಕೇಳಿ ಪಡೆಯಿರಿ.

46,000 ರೂಪಾಯಿ ಕೊಟ್ಟು ಹೊಸ ಬೀಮ್ ಹಾಕಿಸಿದ್ದೇನೆ. ಬಿಲ್ಲಿನ ಮೇಲೆ 'ಆಕ್ಷೇಪಣೆಯೊಂದಿಗೆ ಪಾವತಿ' ಅಂತ ಬರೆದು ಸಹಿ ಹಾಕಿದೆ. ಕಂಪನಿಗೆ ನೋಟಿಸ್ ಹೋಗಿದೆ. ಸೋಮವಾರ ದೂರು ಹಾಕಲು ಶಾಂತಿನಗರದ ಆಯೋಗಕ್ಕೆ ಹೋಗುತ್ತಿದ್ದೇನೆ. ನಿಮ್ಮ ಕಾರಿನಲ್ಲೂ ಹಿಂದಿನ ಚಕ್ರದ ಕಡೆಯಿಂದ ಕಟಕಟ ಸದ್ದು ಬರುತ್ತಿದ್ದರೆ ಈ ವಾರವೇ ಲಿಫ್ಟ್ ಮೇಲೆ ಏರಿಸಿ ಬೆಸುಗೆ ನೋಡಿಸಿ. ಬಿರುಕು ಕಂಡರೆ ಓಡಿಸಬೇಡಿ. ಫೋಟೋ ತೆಗೆದು, ಜಾಬ್ ಕಾರ್ಡಿನ ಪ್ರತಿಯ ಜೊತೆ ನನಗೆ ಕಳಿಸಿ.