ರಾಪ್ಸಡಿಯಲ್ಲಿ ಖಾಲಿ ಬಿಟ್ಟ ಜಾಗ

ನಿನ್ನೆ ನಮ್ಮ ಸಂಗೀತದ ವಾಟ್ಸಾಪ್ ಗ್ರೂಪಲ್ಲಿ ಒಂದು ಲಿಂಕ್ ಹಾಕಿದ್ದೆ. 2003ರಲ್ಲಿ ಬರ್ಲಿನ್‌ನ ವಾಲ್ಡ್‌ಬ್ಯೂನೆ ಅನ್ನೋ ಬಯಲು ರಂಗದಲ್ಲಿ ಬರ್ಲಿನ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾದವರು ಮಾಡಿದ ಗರ್ಶ್‌ವಿನ್ ಸಂಜೆ, ಅದರಲ್ಲಿ ಅಮೆರಿಕದ ಜಾರ್ಜ್ ಗರ್ಶ್‌ವಿನ್ ಪಿಯಾನೋ ಮತ್ತು ವಾದ್ಯವೃಂದಕ್ಕೆ ಅಂತ ಬರೆದ 'ರಾಪ್ಸಡಿ ಇನ್ ಬ್ಲೂ'. ಕೈಯಾಡಿಸಿ ಆರ್ಕೆಸ್ಟ್ರಾ ನಡೆಸೋ ಕಂಡಕ್ಟರ್ ಸೈಜಿ ಒಜಾವಾ, ಪಿಯಾನೋ ಮಾರ್ಕಸ್ ರಾಬರ್ಟ್ಸ್, ಜೊತೆಗೆ ಅವರ ಟ್ರಿಯೋದ, ಅಂದ್ರೆ ಮೂರು ಜನರ ಜಾಝ್ ತಂಡದ, ಬಾಸ್ ರೋಲಂಡ್ ಗೆರಿನ್, ಡ್ರಮ್ಸ್ ಜೇಸನ್ ಮಾರ್ಸಾಲಿಸ್. ಅರ್ಧ ಗಂಟೆಯೊಳಗೆ ಒಬ್ಬರು ಹಿರಿಯರ ಉತ್ತರ ಬಂತು: "ಇದು ರಾಪ್ಸಡಿ ಇನ್ ಬ್ಲೂನೇ ಅಲ್ಲಪ್ಪ, ಚೆನ್ನಾಗಿರೋ ಕೃತಿನ ಮೂರು ಜನ ಸೇರ್ಕೊಂಡು ಕೆಡಿಸಿಟ್ಟಿದಾರೆ." ಅವರ ಹತ್ರ ನಾನು ವಾದ ಮಾಡೋದಿಲ್ಲ, ಚಿಕ್ಕ ವಯಸ್ಸಲ್ಲಿ ಮೃದಂಗದ ಪಾಠ ಹೇಳಿಕೊಟ್ಟವರು. ಅದಕ್ಕೇ ಇಲ್ಲಿ ಬರೀತಿದೀನಿ, ಪುಣ್ಯಕ್ಕೆ ಅವರು ಫೇಸ್‌ಬುಕ್ಕಲ್ಲಿಲ್ಲ.

ಕೆಡಿಸಿದಾರೆ ಅನ್ನೋಕೆ ಮೊದಲು ಮೂಲ ಅಂತ ಒಂದಿರಬೇಕಲ್ವಾ? ಇದರ ಮೂಲದ ಕಥೆ ಕೇಳಿ. 1924ರ ಜನವರಿಯಲ್ಲಿ ನ್ಯೂಯಾರ್ಕಿನ ಪೇಪರಲ್ಲಿ ಸುದ್ದಿ ಬಂತು, ಜಾರ್ಜ್ ಗರ್ಶ್‌ವಿನ್ ಒಂದು ಜಾಝ್ ಕನ್ಸರ್ಟೊ (ಒಂದು ವಾದ್ಯ ಮುಂದೆ, ವಾದ್ಯವೃಂದ ಜೊತೆಗೆ ಇರೋ ಕೃತಿ) ಬರೀತಿದಾರೆ ಅಂತ. ಆ ಪುಣ್ಯಾತ್ಮ ಬರೀತಾನೇ ಇರ್ಲಿಲ್ಲ! ಬ್ಯಾಂಡ್ ಯಜಮಾನ ಪಾಲ್ ವೈಟ್‌ಮನ್ ಹಿಂದೊಮ್ಮೆ ಕೇಳಿದ್ದು ನಿಜ, ಆದ್ರೆ ಪೇಪರಲ್ಲಿ ಓದಿದ ಮೇಲೇ ಕೆಲಸ ಶುರು. ಫೆಬ್ರವರಿ 12ಕ್ಕೆ ಏಯೋಲಿಯನ್ ಹಾಲಲ್ಲಿ ಕಾರ್ಯಕ್ರಮ, ಕೈಯಲ್ಲಿರೋದು ಐದೇ ಐದು ವಾರ, ವಯಸ್ಸು 25. ತಾನು ಬರೆದಿದ್ದನ್ನ ಬ್ಯಾಂಡಿನ ವಾದ್ಯಗಳಿಗೆ ಹಂಚೋ ಕೆಲಸ ಫರ್ಡಿ ಗ್ರೋಫೆಗೆ ಬಿಟ್ಟ. ಪಿಯಾನೋ ಒಂಟಿಯಾಗಿ ನುಡಿಸೋ ಕೆಲವು ಭಾಗಗಳನ್ನಂತೂ ಬರೆಯೋಕೇ ಹೋಗಲಿಲ್ಲ, ಹೇಗೂ ನುಡಿಸೋನು ತಾನೇ ಅಲ್ವಾ. ಅಂಥ ಜಾಗದಲ್ಲಿ ಸ್ಕೋರಲ್ಲಿ, ಅಂದ್ರೆ ಸ್ವರ ಬರೆದ ಪುಸ್ತಕದಲ್ಲಿ, ಇದ್ದಿದ್ದು ಒಂದು ಟಿಪ್ಪಣಿ, "ತಲೆ ಆಡಿಸೋವರೆಗೂ ಕಾಯಿ" ಅನ್ನೋ ಅರ್ಥದ್ದು. ಗರ್ಶ್‌ವಿನ್ ತನಗೆ ತೋಚಿದ್ದು ನುಡಿಸಿ ತಲೆ ಆಡಿಸ್ತಾನೆ, ಆಗ ಬ್ಯಾಂಡ್ ಎತ್ಕೋಬೇಕು. ಆ ಭಾಗಗಳು ಕಾಗದದ ಮೇಲೆ ಬಂದಿದ್ದು ಕಾರ್ಯಕ್ರಮ ಆದ್ಮೇಲೆ. ಇವತ್ತು ದೊಡ್ಡ ಆರ್ಕೆಸ್ಟ್ರಾಗಳು ಸಾಮಾನ್ಯವಾಗಿ ನುಡಿಸೋದು ಗ್ರೋಫೆ 1942ರಲ್ಲಿ ದೊಡ್ಡ ಆರ್ಕೆಸ್ಟ್ರಾಗೆ ಅಂತ ಹಂಚಿ ಬರೆದಿದ್ದನ್ನ, ಗರ್ಶ್‌ವಿನ್ ತೀರಿಹೋಗಿದ್ದು 1937ರಲ್ಲೇ.

ಶುರುವಿನ ಕ್ಲಾರಿನೆಟ್ ಇದೆಯಲ್ಲ, ಕೆಳಗಿಂದ ಮೇಲಕ್ಕೆ ಜಾರ್ತಾ ಹೋಗೋದು, ಅದೂ ಹಾಗೇ. ಬರೆದಿದ್ದು ಹದಿನೇಳು ಸ್ವರ ಬಿಡಿಬಿಡಿಯಾಗಿ ಏರೋ ಸಾಲು. ರಿಹರ್ಸಲ್‌ನಲ್ಲಿ ರಾಸ್ ಗಾರ್ಮನ್ ಅನ್ನೋ ಕ್ಲಾರಿನೆಟ್ ವಾದಕ ತಮಾಷೆಗೆ ಎಲ್ಲಾ ಸ್ವರಗಳನ್ನೂ ಬೆಸೆದು ಒಂದೇ ಎಳೆಯಲ್ಲಿ ಎಳೆದ, ಗರ್ಶ್‌ವಿನ್‌ಗೆ ಹಿಡಿಸಿತು, ಹಾಗೇ ನುಡಿಸು ಅಂದ. ನಮ್ಮ ರಾಯಚೂರಿನ ನರಸಿಂಹಲು ವಡವಾಟಿಯವರು ಅದೇ ವಾದ್ಯದಲ್ಲಿ ಮೀಂಡ್ ಎಳೆಯೋದು ಕೇಳಿದೋರಿಗೆ ಇದೇನು ಮಹಾ ಅನ್ನಿಸಬಹುದು, ಆದ್ರೆ ಇಡೀ ಕೃತಿಯ ಗುರುತೇ ಈಗ ಆ ಜಾರುವಿಕೆ. ಅಂದ್ರೆ ತಮಾಷೆಗೆ ಮಾಡಿದ್ದು ಮೂಲ ಆಯ್ತು, ಖಾಲಿ ಬಿಟ್ಟಿದ್ದನ್ನ ತುಂಬಿದ್ರೆ ಅಪಚಾರನಾ?

ಈಗ ಆ ವಿಡಿಯೋಗೆ ಬರ್ತೀನಿ. ಆರ್ಕೆಸ್ಟ್ರಾದ ಪಾಲು ಹೆಚ್ಚುಕಮ್ಮಿ ಬರೆದ ಹಾಗೇ ಇದೆ, ಬದಲಾಗಿರೋದು ಪಿಯಾನೋ ಕೈಗೆ ಬರೋ ಜಾಗಗಳು. ಅಲ್ಲಿ ರಾಬರ್ಟ್ಸ್ ಗರ್ಶ್‌ವಿನ್‌ನ ಒಂದು ಚೂರು ರಾಗ ಹಿಡ್ಕೊಂಡು ಹೊರಡ್ತಾರೆ, ಹಿಂದಿನಿಂದ ಬಾಸ್ ಹೆಜ್ಜೆ ಹಾಕ್ಕೊಂಡು ಬಂದು ಸೇರುತ್ತೆ, ಡ್ರಮ್ಸ್ ಸೇರುತ್ತೆ, ಒಂದೆರಡು ನಿಮಿಷ ಅಷ್ಟು ದೊಡ್ಡ ಆರ್ಕೆಸ್ಟ್ರಾ ಸುಮ್ಮನೆ ಕೂತು ಕೇಳುತ್ತೆ. ನೆರವಲ್ ಥರ ಅಂತ ಅನ್ಕೊಳ್ಳಿ, ಒಂದು ಸಾಲಲ್ಲಿ ನಿಂತು ಬೆಳೆಸಿ ಬೆಳೆಸಿ ಆಮೇಲೆ ಎಡುಪಿಗೆ, ಅಂದ್ರೆ ಆ ಸಾಲು ಎತ್ತಿಕೊಳ್ಳೋ ಜಾಗಕ್ಕೆ, ಬಂದು ಕೂರೋದು. ಆದ್ರೆ ಕಛೇರಿಯಲ್ಲಿ ಪಕ್ಕದಲ್ಲಿರೋದು ಮೂರ್ನಾಲ್ಕು ಜನ, ಕಣ್ಸನ್ನೆ ಸಾಕು. ಇಲ್ಲಿ ಕಾಗದ ನೋಡಿ ನುಡಿಸೋರ ದಂಡೇ ಕಾಯ್ತಿದೆ, ಒಬ್ಬ ಕಂಡಕ್ಟರ್ ಇದಾನೆ, ರಾಬರ್ಟ್ಸ್‌ಗೆ ಐದನೇ ವಯಸ್ಸಿಂದ ಕಣ್ಣು ಕಾಣಲ್ಲ. ಕಂಡಕ್ಟರ್ ಕೈ ನೋಡ್ಕೊಂಡು ನಿಲ್ಸೋ ಮಾತೇ ಇಲ್ಲ. ಹಂಗಾಗಿ ಒಜಾವಾನೇ ಕಾಯಬೇಕು, ಪಿಯಾನೋ ಬರೆದ ದಾರಿಗೆ ವಾಪಸ್ ಬರೋದನ್ನ ಕೇಳಿಸ್ಕೊಂಡು ಕೈ ಎತ್ತಬೇಕು. 1924ರ ಆ ಟಿಪ್ಪಣಿ ಅಕ್ಷರಶಃ ಪಾಲಿಸಿದಂಗಾಯ್ತಲ್ಲ ಕಣ್ರೀ, ಬರೆದಿದ್ದನ್ನೇ ಚಾಚೂ ತಪ್ಪದೆ ನುಡಿಸೋರಿಗೆ ಆ ಭಾಗ್ಯ ಎಲ್ಲಿ.

ನನಗೆ ಇನ್ನೂ ಒಂದು ಕಾರಣಕ್ಕೆ ಇದು ಮುಖ್ಯ. ವೈಟ್‌ಮನ್ ಕಾರ್ಯಕ್ರಮದ ಉದ್ದೇಶ ಜಾಝ್‌ಗೆ ಸಭ್ಯರ ಸಭೆಯಲ್ಲಿ ಒಂದು ಕುರ್ಚಿ ಕೊಡಿಸೋದು. ಬ್ಯಾಂಡಲ್ಲಿ ಇದ್ದೋರೆಲ್ಲ ಬಿಳಿಯರು. ಆದ್ರೆ ಗರ್ಶ್‌ವಿನ್ ಎಡಗೈಯಲ್ಲಿ ಕುಣಿಯೋ ಆ ಸ್ಟ್ರೈಡ್, ಅಂದ್ರೆ ಎಡಗೈ ಕೆಳಗಿನ ಸ್ವರಕ್ಕೂ ಮೇಲಿನ ಸ್ವರಗುಚ್ಛಕ್ಕೂ ಜಿಗಿಜಿಗಿದು ತಾಳ ಹಿಡಿಯೋ ಶೈಲಿ, ಎಲ್ಲಿಂದ ಬಂತು? ಜೇಮ್ಸ್ ಪಿ. ಜಾನ್ಸನ್, ವಿಲ್ಲಿ ದ ಲಯನ್ ಸ್ಮಿತ್ ಥರದ ಹಾರ್ಲೆಮ್‌ನ ಕಪ್ಪು ಪಿಯಾನಿಸ್ಟ್‌ಗಳಿಂದ, ಅವರನ್ನ ಕೇಳಿ ಕೇಳಿ ಕಲಿತಿದ್ದು. 79 ವರ್ಷ ಆದ್ಮೇಲೆ ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ ಹುಟ್ಟಿದ ಒಬ್ಬ ಕಪ್ಪು ಪಿಯಾನಿಸ್ಟ್, ಬರ್ಲಿನ್ ಫಿಲ್‌ಹಾರ್ಮೋನಿಕ್‌ನ ಕೂರಿಸ್ಕೊಂಡು, ಆ ಖಾಲಿ ಜಾಗದಲ್ಲಿ ಅದೇ ಸ್ಟ್ರೈಡ್ ನುಡಿಸ್ತಾನೆ. ಅದೂ 1936ರ ಒಲಿಂಪಿಕ್ಸ್‌ಗೆ ಅಂತ ನಾಜಿಗಳು ಕಟ್ಟಿಸಿದ ರಂಗದಲ್ಲಿ, ಜಾಝ್ ಅಂದ್ರೆ ಉರಿದು ಬೀಳ್ತಿದ್ದೋರು. ಯೋಚನೆ ಮಾಡಿದ್ರೆ ಮೈ ಜುಮ್ ಅನ್ನುತ್ತೆ.

ಎಲ್ಲಾ ಸರಿ ಅಂತೇನಿಲ್ಲ. ಸಾಮಾನ್ಯವಾಗಿ 16-17 ನಿಮಿಷದಲ್ಲಿ ಮುಗಿಯೋ ಕೃತಿ ಇಲ್ಲಿ 20 ನಿಮಿಷ ದಾಟಿ ಹೋಗುತ್ತೆ, ತಂತಿ ವಾದ್ಯಗಳೆಲ್ಲ ಒಟ್ಟಿಗೆ ಎತ್ಕೊಳ್ಳೋ ಆ ನಿಧಾನದ ರಾಗಕ್ಕೆ ಕಾಯ್ತಾ ಕಾಯ್ತಾ ನನ್ನ ಹಸಿವು ಸ್ವಲ್ಪ ಸತ್ತೇ ಹೋಯ್ತು. ಅಮೆರಿಕಕ್ಕೆ ಹೋಗಿಬಂದೋರಿಗೆ ಯುನೈಟೆಡ್ ಏರ್‌ಲೈನ್ಸ್ ವಿಮಾನದಲ್ಲಿ ಕೇಳಿ ಗೊತ್ತಿರುತ್ತೆ, ಅದೇ ರಾಗ. ಒಂದೆರಡು ಕಡೆ ಟ್ರಿಯೋ ಮುಗಿದು ಆರ್ಕೆಸ್ಟ್ರಾ ಎದ್ದಾಗ ಬಸ್ಸಿನ ಗೇರ್ ಬದಲಾಯಿಸಿದಂಗೆ ಒಂದು ಜರ್ಕ್ ಕೂಡ ಹೊಡೆಯುತ್ತೆ. ಆದ್ರೆ ಹೆಸರಾಂತ ಅಮೆರಿಕನ್ ಕಂಡಕ್ಟರ್ ಲಿಯೊನಾರ್ಡ್ ಬರ್ನ್‌ಸ್ಟೈನ್ ಅಂಥೋರೇ ಇದನ್ನ ಬಿಡಿಬಿಡಿ ತುಂಡುಗಳನ್ನ ಅಂಟಿಸಿದ್ದು ಅಂದಿದ್ರು, ಅಲ್ಲಲ್ಲಿ ಕತ್ತರಿಸಿದ್ರೂ ರಾಪ್ಸಡಿ ರಾಪ್ಸಡಿಯಾಗೇ ಉಳಿಯುತ್ತೆ ಅಂತ. ಕತ್ತರಿಸಿದ್ರೆ ತಡ್ಕೊಳ್ಳೋದು ಸೇರಿಸಿದ್ರೆ ತಡ್ಕೊಳಲ್ವಾ?

ಮೇಷ್ಟ್ರಿಗೆ ಇವತ್ತು ಬೆಳಿಗ್ಗೆ ಒಂದೇ ಒಂದು ಮೆಸೇಜ್ ಹಾಕಿದೀನಿ, "ಸಾರ್, ಬರೀ ಜೇಸನ್ ಮಾರ್ಸಾಲಿಸ್ ಕೈ ನೋಡ್ಕೊಂಡು ಇನ್ನೊಂದ್ಸಲ ಕೇಳಿ" ಅಂತ. ಎರಡು ನೀಲಿ ಟಿಕ್ ಬಂದಿದೆ.