ಸಿ ತುಂಬ್ಯಾದ, ಡಿ ಖಾಲಿ ಬಿದ್ದಾದ

ಕಲಬುರಗ್ಯಾಗ ಹಳೀ ಲ್ಯಾಪ್‌ಟಾಪ್ ತೆಗೆದು ನೋಡ್ರಿ, ಒಂದೇ ಡಿಸ್ಕಿನ್ಯಾಗ ವಿಂಡೋಸ್ ಇರೂ ಸಿ ಡ್ರೈವ್‌ಗೆ 100 ಜಿಬಿ, ಉಳಿದದ್ದೆಲ್ಲಾ ಡಿಗೆ. ಯಾವ ಶಾಣ್ಯಾ ಹಾಕಿದ ಪದ್ಧತಿನೋ! ವಿಂಡೋಸ್ 11ಕ್ಕೆ ಏರಿಸಿದ್ರ ಹಳೀದು ‘ವಿಂಡೋಸ್.ಓಲ್ಡ್’ ಅಂತ ಸಿ ಒಳಗೇ 10 ದಿನ ಠಿಕಾಣಿ ಹೂಡ್ತದ, ಕೆಂಪು ಪಟ್ಟಿ ಬರ್ತದ. ಡಿ ಕುಗ್ಗಿಸಿ ಜಾಗ ಕೊಡೂಣಂದ್ರ ‘ಎಕ್ಸ್‌ಟೆಂಡ್’ (ಸಿ ದೊಡ್ಡದು ಮಾಡೂ ವಿಂಡೋಸ್ ಆಯ್ಕೆ) ಮಬ್ಬಾಗೇ ಇರ್ತದ. ಖಾಲಿ ಜಾಗ ಬೀಳೂದು ಡಿ ಬಲಗಡೆ. ಸಿಗೆ ಬೇಕಾದದ್ದು ತನ್ನ ಬಲಗಡೆ ಅಂಟಿಕೊಂಡಿದ್ದು. ಡೇಟಾ ಬ್ಯಾರೆ ಡಿಸ್ಕಿಗೆ ಹಾಕಿ ಡಿ ಅಳಿಸಬೇಕು, ಇಲ್ಲಾ ಪೆನ್‌ಡ್ರೈವ್‌ನಿಂದ ಜಿಪಾರ್ಟೆಡ್ (ಡಿಸ್ಕಿನ ಭಾಗ ಹಿಗ್ಗಿಸೂ-ಸರಿಸೂ ಸಾಧನ) ಬೂಟ್ ಮಾಡಿ ಡಿ ಸರಿಸಬೇಕು. ಸರಿಸೂದಕ್ಕ ತಾಸುಗಟ್ಟಲೆ ಹಿಡೀತದ. ನಡುವ ಕರೆಂಟ್ ಹೋಗಿ, ಸತ್ತ ಬ್ಯಾಟರಿನೂ ಕೈಕೊಟ್ರ ಡಿ ಕಥಿ ಮುಗೀತು. ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕೂ ಗೂಢಲಿಪಿ ಬೀಗ) ನಿಲ್ಲಿಸದೆ ಮುಟ್ಟಿದ್ರಂತೂ 48 ಅಂಕಿ ರಿಕವರಿ ಕೀ ಕೇಳಬಹುದು. ಅದನ್ನ ಬರೆದಿಟ್ಕೊಂಡೋರು ಯಾರ್ರಿ?