ಬಾಲ್ಯದ ಆಸಕ್ತಿ ಮತ್ತು ಮೂರನೇ ಅಲಾಟ್‌ಮೆಂಟ್

ಪದವಿ ತರಗತಿಗೆ ಸೇರಿದ ಮಕ್ಕಳನ್ನು ಮೊದಲ ವಾರದಲ್ಲೇ ಸಭಾಂಗಣದಲ್ಲಿ ಕೂರಿಸಿ, ಕೈಗೊಂದು ಹಾಳೆ ಕೊಟ್ಟು, ‘ಈ ವಿಷಯವನ್ನು ಆರಿಸಿಕೊಳ್ಳಲು ನಿಮಗೆ ದೊರೆತ ಪ್ರೇರಣೆ ಏನು? 150 ಪದಗಳಿಗೆ ಮೀರದಂತೆ ಬರೆಯಿರಿ’ ಎಂದು ಕೇಳುವ ಸಂಪ್ರದಾಯ ಕಾಸರಗೋಡಿನ ಕಡೆಗೂ ಬಂದು ಮುಟ್ಟಿದೆ. ಯಾವ ಕಾಲೇಜು ಎಂದು ಹೇಳುವುದಿಲ್ಲ. ಮೇಲಿನಿಂದ ಸುತ್ತೋಲೆ ಬಂದರೆ ಪಾಪ, ಕಾಲೇಜು ತಾನೇ ಏನು ಮಾಡೀತು? ಕೇಳಿ ಎಂದರು, ಕೇಳಿತು. ಮಕ್ಕಳೂ ಸಂಭಾವಿತರು. ಬರೆಯಿರಿ ಎಂದರು, ಬರೆದರು.

ಆ ಹಾಳೆಗಳ ಕಟ್ಟನ್ನು ತಿರುವಿಹಾಕುವ ಯೋಗ ನನಗೂ ಒದಗಿತು. ಓದಿದರೆ ನಮ್ಮ ಜಿಲ್ಲೆಯ ಶಿಶುಗಳ ಬಗ್ಗೆ ಹೆಮ್ಮೆ ಉಕ್ಕಬೇಕು. ರಸಾಯನಶಾಸ್ತ್ರಕ್ಕೆ ಸೇರಿದವನಿಗೆ ಬಾಲ್ಯದಿಂದಲೂ ರಸಾಯನಶಾಸ್ತ್ರದಲ್ಲಿ ಅಪಾರ ಆಸಕ್ತಿ. ಬಿ.ಕಾಂ.ಗೆ ಸೇರಿದವಳಿಗೆ ಬಾಲ್ಯದಿಂದಲೂ ವಾಣಿಜ್ಯದಲ್ಲಿ ಅಪಾರ ಆಸಕ್ತಿ. ಅಂಗನವಾಡಿಯ ಉಪ್ಪಿಟ್ಟಿನ ತಟ್ಟೆಯ ಮುಂದೆ ಕುಳಿತು ಇವಳು ಸವಕಳಿಯ ಲೆಕ್ಕ ಹಾಕುತ್ತಿದ್ದಿರಬೇಕು. ಹಾಳೆಯ ಮೇಲೆ ಹಾಳೆ, ಅದೇ ವಾಕ್ಯ, ಅದೇ ಅಲ್ಪವಿರಾಮ. ಹಿಂದಿನ ವರ್ಷದ ಅಣ್ಣಂದಿರು ವಾಟ್ಸಾಪ್‌ನಲ್ಲಿ ಕಳುಹಿಸಿದ ಮಾದರಿಯಂತೆ. ನಡುವೆ ಗೀಟೆಳೆದ ಒಂದು ಖಾಲಿ ಜಾಗ. ವಿಷಯದ ಹೆಸರನ್ನು ತುಂಬಿದರೆ ಪ್ರೇರಣೆ ಸಿದ್ಧ. ಒಬ್ಬ ತುಂಬಲು ಮರೆತಿದ್ದ. ಆತನಿಗೆ ಬಾಲ್ಯದಿಂದಲೂ ಗೀಟಿನಲ್ಲಿ ಅಪಾರ ಆಸಕ್ತಿ.

ಈ ಬಾಲ್ಯದ ಆಸಕ್ತಿ ಗೊತ್ತಾಗುವ ಕ್ರಮವನ್ನು ಹೊರಜಿಲ್ಲೆಯವರಿಗಾಗಿ ಸ್ವಲ್ಪ ವಿವರಿಸಬೇಕು. ಪ್ಲಸ್ ಟು ಫಲಿತಾಂಶ ಬಂದೊಡನೆ ಸರಕಾರದ ಆನ್‌ಲೈನ್ ಅರ್ಜಿಗಳನ್ನು ತುಂಬಿಸಿಕೊಡುವ ಅಕ್ಷಯ ಕೇಂದ್ರದ ಮುಂದೆ ಸರದಿ ನಿಲ್ಲುತ್ತದೆ. ಒಳಗೆ ಕಂಪ್ಯೂಟರಿನ ಮುಂದೆ ಕುಳಿತವರು ಬೇಕಾದ ಕಾಲೇಜು, ಬೇಕಾದ ವಿಷಯ ಎಂದು ಉದ್ದದ ಪಟ್ಟಿಯೊಂದನ್ನು ತುಂಬಿಸುತ್ತಾರೆ. ಮೇಲಿನ ನಾಲ್ಕು ಸಾಲು ಮಗುವಿನದು, ನಡುವಿನದು ಅಪ್ಪನದು, ಉಳಿದದ್ದೆಲ್ಲ ಅಕ್ಷಯ ಕೇಂದ್ರದವರದು. ‘ಇರಲಿ, ಹಾಕಿಡುವ’ ಎಂದು ಅವರು ಹಾಕಿಡುತ್ತಾರೆ. ಮೊದಲ ಅಲಾಟ್‌ಮೆಂಟ್, ಅಂದರೆ ಸೀಟು ಹಂಚಿಕೆಯ ಪಟ್ಟಿ ಬರುತ್ತದೆ, ಎರಡನೆಯದು ಬರುತ್ತದೆ. ಮೂರನೆಯದರಲ್ಲಿ ಆ ‘ಇರಲಿ’ಗಳಲ್ಲಿ ಒಂದು ತಗಲಿಕೊಳ್ಳುತ್ತದೆ. ಅಂದು ಸಂಜೆಯೊಳಗೆ ಹುಡುಗನಿಗೆ ತನ್ನ ಬಾಲ್ಯದ ಆಸಕ್ತಿ ಯಾವುದೆಂದು ತಿಳಿದಿರುತ್ತದೆ.

ಕೇಳಬೇಕಾದ ಪ್ರಶ್ನೆಯೇ ಇದಲ್ಲ. ಕೇರಳದಲ್ಲಿ 2024ರ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಪಾಸಾದವರು ಶೇಕಡಾ 99.69. ಇಂಥ ನಾಡಿನಲ್ಲಿ ಕಾಲೇಜಿಗೆ ಸೇರಲು ಕಾರಣ ಬೇಕಿಲ್ಲ. ಸೇರದೆ ಇರಲು ಬೇಕು. ಸೇರಿದವನನ್ನು ಮದುವೆಮನೆಯಲ್ಲಿ ಯಾರೂ ಏನೂ ಕೇಳುವುದಿಲ್ಲ. ಸೇರದವನು ಮಾತ್ರ ಎಲೆಯ ಮುಂದೆ ಕುಳಿತಾಗಿನಿಂದ ಪಾಯಸ ಬರುವವರೆಗೆ ಎಡಗಡೆಯ ಮಾವನಿಗೂ ಬಲಗಡೆಯ ಭಾವನಿಗೂ ಎದುರಿನ ಸಾಲಿನ ಗುರುತಿಲ್ಲದ ಅಜ್ಜನಿಗೂ ಕಾರಣ ಹೇಳುತ್ತಲೇ ಇರಬೇಕು. ಮೂರು ವರ್ಷ ಇಷ್ಟು ಕಾರಣ ಹೇಳುವುದಕ್ಕಿಂತ ಒಂದು ಡಿಗ್ರಿ ಮಾಡುವುದು ಸುಲಭ.

ಹಾಗೆಂದು ಮಕ್ಕಳಿಗೆ ಪ್ರೇರಣೆಯೇ ಇಲ್ಲವೆನ್ನಬೇಡಿ. ಧಾರಾಳವಾಗಿದೆ, ಹಾಳೆಯಲ್ಲಿ ಬರೆಯುವಂಥದ್ದಲ್ಲ, ಅಷ್ಟೆ. ರಸಾಯನಶಾಸ್ತ್ರದ ಆ ಹುಡುಗನನ್ನೇ ತೆಗೆದುಕೊಳ್ಳಿ. ಬದಿಯಡ್ಕದ ಕಡೆಯವನು, ಮನೆಯಲ್ಲಿ ಅಡಕೆ ತೋಟ. ಮಳೆ ಹಿಡಿಯುವ ಹೊತ್ತಿಗೆ ಕೊಳೆರೋಗಕ್ಕೆ ಮದ್ದು ಬಿಡಬೇಕು. ಮೈಲುತುತ್ತು ಎಷ್ಟು, ಸುಣ್ಣ ಎಷ್ಟು, ಎರಡನ್ನೂ ಬೇರೆಬೇರೆ ಕರಗಿಸಿ ಯಾವುದನ್ನು ಯಾವುದಕ್ಕೆ ಸುರಿಯಬೇಕು ಎಂದು ಅಪ್ಪ ವರ್ಷವೂ ಕರೆದು ಹೇಳುತ್ತಾರೆ. ಹೀಗೆ ತಯಾರಾಗುವ ಒಂದು ಶೇಕಡಾ ಬೋರ್ಡೋ ದ್ರಾವಣ ಅಪ್ಪಟ ರಸಾಯನಶಾಸ್ತ್ರವೇ. ಅದರಿಂದ ತಪ್ಪಿಸಿಕೊಳ್ಳಲೆಂದೇ ಈತ ರಸಾಯನಶಾಸ್ತ್ರಕ್ಕೆ ಸೇರಿದ್ದಾನೆ. ಕಾಲೇಜು ತೆರೆಯುವುದೂ ಸರಿಯಾಗಿ ಮದ್ದು ಬಿಡುವ ಕಾಲಕ್ಕೆ. ಇದನ್ನು ಕೂಡಿಸಿಟ್ಟವರು ಯಾರೋ, ಕೃಷಿಕರ ಮಕ್ಕಳು ಅವರಿಗೆ ಋಣಿಗಳು. ಜೊತೆಗೆ ತೋಟವೊಂದೇ ಇದ್ದ ಹುಡುಗನಿಗೆ ಹೆಣ್ಣು ಸಿಗುವುದಿಲ್ಲವೆಂಬ ಭಯ ಊರಿನಲ್ಲಿದೆ. ಡಿಗ್ರಿಯ ಜೊತೆಗೆ ತೋಟವಿದ್ದರೆ ಅದು ಆಸ್ತಿ. ಡಿಗ್ರಿಯಿಲ್ಲದೆ ತೋಟವಿದ್ದರೆ ಅದು ಉದ್ಯೋಗ.

ಹುಡುಗಿಯರ ಲೆಕ್ಕ ಇದಕ್ಕಿಂತ ಚುರುಕು. ಅವರಿಗೆ ಕಾಲೇಜೆಂದರೆ ತಡೆಯಾಜ್ಞೆ. ಜಾತಕ ಹಿಡಿದು ಬಂದವರಿಗೆಲ್ಲ ‘ಓದುತ್ತಿದ್ದಾಳೆ’ ಎಂಬ ಒಂದೇ ಪದ ಸಾಕು. ಬಂದವರು ಚಹಾ ಕುಡಿದು ಎದ್ದುಹೋಗುತ್ತಾರೆ. 2024ರಲ್ಲಿ ನಮ್ಮ ವಿಶ್ವವಿದ್ಯಾಲಯಗಳು ನಾಲ್ಕು ವರ್ಷದ ಪದವಿಯನ್ನು ತಂದಾಗ ಅಧ್ಯಾಪಕರು ತಲೆ ಕೆರೆದುಕೊಂಡರು. ಮೂರು ವರ್ಷಕ್ಕೆ 133 ಕ್ರೆಡಿಟ್, ನಾಲ್ಕಕ್ಕೆ 177 ಎಂಬ ಲೆಕ್ಕ ಇಂದಿಗೂ ಹಲವರಿಗೆ ಬಗೆಹರಿದಿಲ್ಲ. ನೀರ್ಚಾಲಿನ ಒಬ್ಬಳು ಹುಡುಗಿಗೆ ಮಾತ್ರ ಒಂದೇ ನಿಮಿಷದಲ್ಲಿ ಬಗೆಹರಿಯಿತು. ತಡೆಯಾಜ್ಞೆ ಒಂದು ವರ್ಷ ವಿಸ್ತರಣೆಯಾಗಿದೆ, ಅದೂ ಆನರ್ಸ್ ಎಂಬ ಗೌರವದೊಂದಿಗೆ. ಮೂರು ವರ್ಷಕ್ಕೇ ಹೊರಬರುವ ದಾರಿಯೂ ಇದೆ ಎಂಬುದನ್ನು ಆಕೆ ಮನೆಯಲ್ಲಿ ಹೇಳಿಲ್ಲ. ಹೇಳಬೇಡಿ ಎಂದು ನನ್ನಲ್ಲೂ ವಿನಂತಿಸಿಕೊಂಡಿದ್ದಾಳೆ. ಆಕೆಯ ಅಪ್ಪ ಈ ಅಂಕಣ ಓದುವುದಿಲ್ಲವೆಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ಪ್ರೇರಣೆಗಳ ಪಟ್ಟಿಯಲ್ಲಿ ಬಸ್ಸನ್ನೂ ಮರೆಯುವಂತಿಲ್ಲ. 2022ರಲ್ಲಿ ಕನಿಷ್ಠ ದರ ಎಂಟರಿಂದ ಹತ್ತು ರೂಪಾಯಿಗೆ ಏರಿದಾಗಲೂ ವಿದ್ಯಾರ್ಥಿ ಕನ್ಸೆಷನ್ ಕಾರ್ಡಿನವರ ಕನಿಷ್ಠ ದರ ಒಂದು ರೂಪಾಯಿಯಲ್ಲೇ ನಿಂತಿತು. ಬಸ್ಸು ಹೊರಡುವವರೆಗೆ ಬಾಗಿಲ ಬಳಿ ಬಿಸಿಲಲ್ಲಿ ನಿಲ್ಲಿಸಿ ಕಂಡಕ್ಟರ್ ಉಳಿದ ಒಂಬತ್ತು ರೂಪಾಯಿಯನ್ನು ವಸೂಲು ಮಾಡಿಕೊಳ್ಳುತ್ತಾನೆ.

ಉಪ್ಪಳ, ಮಂಜೇಶ್ವರದ ಮಕ್ಕಳದು ಬೇರೆಯೇ ದಾರಿ. ಅವರು ತಲಪಾಡಿಯ ಗಡಿ ದಾಟಿ ಮಂಗಳೂರಿಗೆ ಹೋಗುತ್ತಾರೆ. ಚಂದ್ರಗಿರಿ ಹೊಳೆಯ ಉತ್ತರದ ನೆಲ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತಲ್ಲ, ಅದನ್ನು ಯಾವ ಸರಕಾರವೂ ಜಾರಿ ಮಾಡಲಿಲ್ಲ. ಈ ಮಕ್ಕಳು ದಿನಾ ಬೆಳಿಗ್ಗೆ ಜಾರಿ ಮಾಡಿ ಸಂಜೆಯ ಬಸ್ಸಿಗೆ ಹಿಂಪಡೆಯುತ್ತಾರೆ. ಕರ್ನಾಟಕದ ವೃತ್ತಿಶಿಕ್ಷಣದ ಸೀಟು ಬೇಕಿದ್ದರೆ ಗಡಿನಾಡ ಕನ್ನಡಿಗ ಎಂಬ ಕಾಗದ ಬೇಕು. ಕಾಗದ ಸಾಲದೆಂದು ಕನ್ನಡ ಭಾಷಾ ಪರೀಕ್ಷೆಯೂ ಇದೆ. ಬೆಂಗಳೂರಿನಲ್ಲಿ ಹುಟ್ಟಿದವನು ಕನ್ನಡಿಗನೆಂದು ಸಾಬೀತುಪಡಿಸಲು ಪರೀಕ್ಷೆ ಬರೆಯಬೇಕಾಗಿಲ್ಲ. ಬರೆದರೆ ಏನಾದೀತೋ ಎಂಬ ಕುತೂಹಲ ನನಗಿದೆ. ಓದು ಮುಗಿಸಿ ಗಡಿಯ ಈಚೆ ಬಂದ ಮೇಲೆ ಅದೇ ಪದವಿಗೆ ಇಲ್ಲಿ ಮಾನ್ಯತೆಯಿದೆಯೇ, ಇಲ್ಲಿನ ಪದವಿಗೆ ಅದು ಸಮವೇ ಎಂದು ಬರೆಸಿಕೊಳ್ಳಲು ಅಲೆಯಬೇಕು. ಅತ್ತ ಕನ್ನಡಿಗನೆಂದು ಒಂದು ಕಾಗದ, ಇತ್ತ ಭಾಷಾ ಅಲ್ಪಸಂಖ್ಯಾತನೆಂದು ಇನ್ನೊಂದು. ಇಪ್ಪತ್ತೊಂದಕ್ಕೆ ಕಾಲಿಡುವ ಹೊತ್ತಿಗೆ ನಮ್ಮ ಹುಡುಗ ಓದಿದ ಪುಸ್ತಕಕ್ಕಿಂತ ಲ್ಯಾಮಿನೇಷನ್ ಮಾಡಿಸಿದ ಹಾಳೆಗಳೇ ಹೆಚ್ಚು.

ಕಟ್ಟಿನಲ್ಲಿ ಒಂದು ಹಾಳೆ ಮಾತ್ರ ಬೇರೆಯಾಗಿತ್ತು. ಕನ್ನಡ ಬಿ.ಎ.ಗೆ ಸೇರಿದ ಹುಡುಗಿಯೊಬ್ಬಳು ಎರಡೇ ಸಾಲು ಬರೆದಿದ್ದಳು: ‘ನಾನು ಓದಿದ ಕನ್ನಡ ಮಾಧ್ಯಮ ಶಾಲೆಗೆ ಕನ್ನಡ ಬಾರದ ಅಧ್ಯಾಪಕರನ್ನು ಹಾಕಿದ್ದರು. ಅಲ್ಲಿಗೆ ನಾನು ಅಧ್ಯಾಪಕಿಯಾಗಿ ಹೋಗಬೇಕು.’ ಹಾಳೆಗಳನ್ನು ಪರಿಶೀಲಿಸುವ ಸಮಿತಿಗೆ ಇದು ಹಿಡಿಸಲಿಲ್ಲ. ಪಕ್ಕದಲ್ಲಿ ಕೆಂಪು ಶಾಯಿಯ ಷರಾ ಇದೆ: ‘ಪದಗಳ ಸಂಖ್ಯೆ ಕಡಿಮೆ. ವಿಷಯದ ಬಗ್ಗೆ ಆಸಕ್ತಿ ವ್ಯಕ್ತವಾಗಿಲ್ಲ.’ ಬಾಲ್ಯದಿಂದಲೂ ಗೀಟಿನಲ್ಲಿ ಆಸಕ್ತಿಯಿದ್ದವನಿಗೆ ‘ಉತ್ತಮ’ ಎಂದು ಬರೆದಿದ್ದಾರೆ.

ಇಷ್ಟೆಲ್ಲ ಓದಿ, ಕಾಗದ ಕೂಡಿಸಿ, ಕೊನೆಗೆ ಎಲ್ಲರೂ ಹೋಗಿ ನಿಲ್ಲುವುದು ಸರಕಾರಿ ಕೆಲಸಕ್ಕೆ ಆಯ್ಕೆ ಮಾಡುವ ಪಿಎಸ್‌ಸಿಯ ಬಾಗಿಲಲ್ಲಿ. ಗಲ್ಫಿಗೆ ಹಾರಿದವರನ್ನು ಬಿಡಿ, ಅವರು ಅನಿವಾಸಿ ಕೇರಳೀಯರಿಗಾಗಿರುವ ಸರಕಾರಿ ಸಂಸ್ಥೆ ನೋರ್ಕಾದಲ್ಲಿ ಸರ್ಟಿಫಿಕೇಟಿಗೆ ಮೊಹರು ಹಾಕಿಸಿಕೊಂಡು ಹೋಗಿಯಾಯಿತು. ಉಳಿದವರ ಕಣ್ಣು ಸರಕಾರಿ ಕೆಲಸದ ಮೇಲೆ. ಆ ಬಾಗಿಲಲ್ಲೊಂದು ವಿಶೇಷವಿದೆ. ವಿವಿಧ ಇಲಾಖೆಗಳ ಲಾಸ್ಟ್ ಗ್ರೇಡ್, ಅಂದರೆ ಜವಾನನಂಥ ಕೊನೆಯ ದರ್ಜೆಯ ಹುದ್ದೆಯ ಅಧಿಸೂಚನೆ ತೆರೆದು ಅರ್ಹತೆಯ ಕಾಲಂ ನೋಡಿ. ಏಳನೇ ತರಗತಿ ಪಾಸಾಗಿರಬೇಕು. ಪದವಿ ಪಡೆದಿರಬಾರದು. ಹಿಂದೆ ಡಿಗ್ರಿಯವರು, ಡಬಲ್ ಡಿಗ್ರಿಯವರು ಮುಗಿಬಿದ್ದು ಆ ಕೆಲಸಗಳನ್ನು ಹಿಡಿದುದರಿಂದ, ಓದದವರಿಗೂ ಒಂದು ದಾರಿ ಇರಲೆಂದು ಮಾಡಿದ ನಿಯಮ. ನ್ಯಾಯವಾದದ್ದೇ. ಆದರೆ ಪ್ರತಿಯೊಬ್ಬನನ್ನೂ ಡಿಗ್ರಿ ಮಾಡು ಎಂದು ಒಂದು ಇಲಾಖೆ ಅಟ್ಟುವುದು, ಮಾಡಿದೆಯಾ, ಹಾಗಾದರೆ ಹೊರನಡೆ ಎಂದು ಇನ್ನೊಂದು ಹೇಳುವುದು, ಎರಡಕ್ಕೂ ಮೊಹರು ಒಂದೇ ಸರಕಾರದ್ದು. ಪಡೆದ ಪದವಿಯನ್ನು ಬಚ್ಚಿಟ್ಟು ಅರ್ಜಿ ಹಾಕಿದವರೂ ಇದ್ದಾರೆ. ಇಲ್ಲದ ಡಿಗ್ರಿಯನ್ನು ಇದೆಯೆನ್ನುವ ಹಳೆಯ ಕಳ್ಳತನವನ್ನು ಲೋಕವೆಲ್ಲ ಬಲ್ಲದು. ಇರುವ ಡಿಗ್ರಿಯನ್ನು ಇಲ್ಲವೆನ್ನುವುದು ನಮ್ಮ ಕೊಡುಗೆ.

ನಮ್ಮ ನೆರೆಮನೆಯ ಭಟ್ಟರು ಇದಕ್ಕೊಂದು ಪರಿಹಾರ ಕಂಡುಕೊಂಡಿದ್ದಾರೆ. ಮೊನ್ನೆ ರಾತ್ರಿ ಟಾರ್ಚು ಹಿಡಿದು ಬಂದು ಜಗಲಿಯಲ್ಲಿ ಕುಳಿತರು. ಮಗ ಐದನೇ ಸೆಮಿಸ್ಟರಿನಲ್ಲಿದ್ದಾನೆ.

‘ಮಾಷ್ಟ್ರೇ, ಎಲ್ಲ ಪರೀಕ್ಷೆ ಬರೆದು ಒಂದೇ ಒಂದು ಪೇಪರಿನಲ್ಲಿ ಫೇಲಾದರೆ ಡಿಗ್ರಿ ಪಡೆದ ಹಾಗೆ ಆಗುವುದಿಲ್ಲವಲ್ಲ?’

‘ಇಲ್ಲ.’

‘ಡಿಗ್ರಿ ಓದಿದ್ದಾನೆ ಎಂದು ಹೇಳಬಹುದಲ್ಲ?’

‘ಅದಕ್ಕೇನೂ ಅಡ್ಡಿಯಿಲ್ಲ.’

‘ಅಷ್ಟು ಸಾಕು. ಹೆಣ್ಣಿನ ಮನೆಯವರು ಓದಿದ್ದಾನೆಯೇ ಎಂದು ಕೇಳುತ್ತಾರೆ, ಪಿಎಸ್‌ಸಿಯವರು ಪಾಸಾಗಿದ್ದಾನೆಯೇ ಎಂದು ಕೇಳುತ್ತಾರೆ. ಇಬ್ಬರಿಗೂ ನಿಜವನ್ನೇ ಹೇಳಿದ ಹಾಗಾಯಿತು.’

ಬೇಲಿಯ ಆಚೆಯಿಂದ ಭಟ್ಟರ ಹೆಂಡತಿಯ ಧ್ವನಿ ಕೇಳಿಸಿತು. ಯೋಜನೆ ಅವರಿಗೆ ಮೊದಲೇ ಗೊತ್ತಿರಬೇಕು.

‘ಯಾವುದರಲ್ಲಿ ಬೇಕಾದರೂ ಫೇಲಾಗಲಿ, ಕನ್ನಡದಲ್ಲಿ ಬೇಡ ಎಂದು ಅವನಿಗೆ ಹೇಳಿ ಮಾಷ್ಟ್ರೇ. ನಾಳೆ ತವರಿನಲ್ಲಿ ನಾನು ತಲೆಯೆತ್ತಬೇಕಲ್ಲ. ಇಂಗ್ಲಿಷಿನಲ್ಲಾದರೆ ಯಾರೂ ಏಕೆಂದು ಕೇಳುವುದಿಲ್ಲ.’